ಆಟದಿಂದ ಹೊರಗಿಟ್ಟ ಹುಡುಗ

ಶಾಲೆಯಲ್ಲಿ ಬಾರಿಸುವ ಗಂಟೆಗಳು ಹಲವು. ಅವುಗಳಲ್ಲಿ ಮಕ್ಕಳ ಕಿವಿಗೆ ನಿಜವಾಗಿ ಇಂಪಾಗಿ ಕೇಳುವವು ಎರಡೇ. ಮನೆಗೆ ಬಿಡುವ ಗಂಟೆ ಒಂದು; ಆಟಕ್ಕೆ ಬಿಡುವ ಗಂಟೆ ಇನ್ನೊಂದು. ಈ ಎರಡನೆಯ ಗಂಟೆ ಕೇಳಿದೊಡನೆ ಹುಡುಗರು ಕಟ್ಟೆಯೊಡೆದ ನೀರಿನಂತೆ ಬಯಲಿಗೆ ನುಗ್ಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಅದೇ ಹೊತ್ತಿನಲ್ಲಿ ಗೋಡೆಯ ನೆರಳಿನಲ್ಲಿ ಒಬ್ಬನೇ ನಿಂತಿರುವ ಹುಡುಗನನ್ನು ಕಂಡವರು ಕಡಮೆ. ಕಂಡರೂ, ‘ಏನೋ ತಪ್ಪು ಮಾಡಿದ್ದಾನೆ, ಅನುಭವಿಸಲಿ’ ಎಂದು ಮುಂದೆ ನಡೆದವರೇ ಹೆಚ್ಚು. ಹಾಗೆ ನಡೆದವರಲ್ಲಿ ನಾನೂ ಒಬ್ಬ.

1983ರಲ್ಲಿ ತಾಲ್ಲೂಕು ಕೇಂದ್ರವೊಂದರ ಪ್ರೌಢಶಾಲೆಯಲ್ಲಿ ನಾನು ವ್ಯಾಯಾಮ ಶಿಕ್ಷಕನಾಗಿದ್ದೆ. ಊರಿನವರ ಬಾಯಲ್ಲಿ ‘ಡ್ರಿಲ್ ಮೇಷ್ಟ್ರು’. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಓದಿನಲ್ಲಿ ಹಿಂದೆ, ಕೋಪದಲ್ಲಿ ಮುಂದೆ. ಒಂದು ದಿನ ನೀರಿನ ತೊಟ್ಟಿಯ ಬಳಿ ಸಾಲು ನಿಂತಿದ್ದಾಗ ಹಿಂದಿನವನ ಮೊಣಕೈ ಇವನ ಬೆನ್ನಿಗೆ ತಾಗಿತು. ತಿರುಗಿ ನೋಡುವಷ್ಟೂ ವ್ಯವಧಾನವಿಲ್ಲದೆ ಕೈಯಲ್ಲಿದ್ದ ಕಂಪಾಸಿನ ಪೆಟ್ಟಿಗೆಯಿಂದ ಬೀಸಿಯೇ ಬಿಟ್ಟ. ಹಿಂದಿನವನ ಹುಬ್ಬು ಒಡೆಯಿತು. ಹೆಡ್ಮಾಸ್ತರರು ವಿಚಾರಣೆ ನಡೆಸಿ, ಒಂದು ತಿಂಗಳು ಆಟದ ಪಿರಿಯಡ್ಡಿನಲ್ಲಿ ಅವನು ಗೋಡೆಯ ಪಕ್ಕದಲ್ಲಿ ನಿಂತಿರತಕ್ಕದ್ದೆಂದು ಅಪ್ಪಣೆ ಮಾಡಿದರು. ‘ಸರಿಯಾದ ಶಿಕ್ಷೆ’ ಎಂದು ನಾನು ತಲೆಯಾಡಿಸಿದೆ. ಮನಸ್ಸಿನಲ್ಲಿ ನನಗೊಂದು ನೆಮ್ಮದಿಯೂ ಆಯಿತೆಂಬುದನ್ನು ಈಗ ಒಪ್ಪಿಕೊಳ್ಳಬೇಕು. ಬಯಲಿನಲ್ಲಿ ನಡೆಯುವ ಜಗಳಗಳಲ್ಲಿ ಅರ್ಧ ಅವನವೇ ಆಗಿದ್ದುವಲ್ಲ!

ಹನ್ನೊಂದು ದಿನ ಅವನು ನಿಂತ. ಹನ್ನೆರಡನೆಯ ದಿನ ಶಾಲೆಗೇ ಬರಲಿಲ್ಲ. ವಾರ ಕಳೆದ ಮೇಲೆ ಅವನ ತಂದೆ ಬಂದರು. ಎತ್ತಿನ ಗಾಡಿ ಹೊಡೆದು ಜೀವನ ಸಾಗಿಸುತ್ತಿದ್ದವರು. ಹೆಗಲ ಮೇಲಿನ ಟವಲನ್ನು ಕೈಯಲ್ಲಿ ಹಿಡಿದುಕೊಂಡು ಹೇಳಿದರು: “ಆಟ ಒಂದೈತೆ ಅಂತ ಬರ್ತಿದ್ದ ಸ್ವಾಮಿ. ಈಗ ಅದೂ ಇಲ್ಲ, ಯಾಕೆ ಹೋಗ್ಲಿ ಅಂತಾನೆ. ನಾನೇನು ಹೇಳ್ಲಿ?”

ಹುಡುಗ ಮತ್ತೆ ಬರಲಿಲ್ಲ. ಆ ತಂದೆಯ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ನಲವತ್ತು ವರ್ಷ ಮೀರಿ ಅದನ್ನು ಹುಡುಕುತ್ತ ಬಂದಿದ್ದೇನೆ. ಓದಿ ತಿಳಿದದ್ದನ್ನೂ ಬಯಲಿನಲ್ಲಿ ನಿಂತು ಕಂಡದ್ದನ್ನೂ ಕೂಡಿಸಿ ಇಲ್ಲಿ ಹೇಳುವುದು ನನ್ನ ಉದ್ದೇಶ.

ಪೋಕರಿ ಎಂಬ ಒಂದೇ ಹೆಸರು

ನಡವಳಿಕೆ ಕೆಟ್ಟ ಮಕ್ಕಳಿಗೆಲ್ಲ ನಮ್ಮಲ್ಲಿ ಒಂದೇ ಹೆಸರು: ಪೋಕರಿ. ಆದರೆ ಆ ಒಂದು ಹೆಸರಿನ ಕೆಳಗೆ ಬಗೆಬಗೆಯ ಮಕ್ಕಳು ಇದ್ದಾರೆ. ಕುಳಿತಲ್ಲಿ ಕುಳಿತಿರಲಾರದ ಚಂಚಲನೊಬ್ಬ. ಕಿಡಿ ತಾಗಿದರೆ ಸಾಕು, ಹೊತ್ತಿಕೊಳ್ಳುವ ಮುಂಗೋಪಿಯೊಬ್ಬ. ಮನೆಯಲ್ಲಿ ದಿನವೂ ಹೊಡೆತ ಕಂಡು ಹೊಡೆತವೇ ಮಾತೆಂದು ತಿಳಿದವನೊಬ್ಬ. ಹುಡುಗಿಯರಲ್ಲಿಯೂ ಇಂಥವರು ಇಲ್ಲದಿಲ್ಲ. ಅವರ ಸಿಟ್ಟು ಎಷ್ಟೋ ವೇಳೆ ಕೈಗೆ ಬಾರದೆ ಮಾತಿನಲ್ಲಿಯೋ ಮೌನದಲ್ಲಿಯೋ ಅಡಗಿರುವುದರಿಂದ ನಮ್ಮ ಕಣ್ಣಿಗೆ ಬೀಳುವುದು ಕಡಮೆ. ಇವರಲ್ಲಿ ಕೆಲವರಿಗೆ ನಿಜವಾಗಿ ವೈದ್ಯರ ನೆರವೇ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎಳೆಯರ ಮನೋರೋಗ ಚಿಕಿತ್ಸೆಗೆಂದೇ ಬೇರೆ ವಿಭಾಗವಿದೆ. ಆಟವು ಚಿಕಿತ್ಸೆಯ ಸ್ಥಾನವನ್ನು ತುಂಬೀತೆಂದು ಯಾರೂ ತಿಳಿಯಬಾರದು.

ಹರೆಯವೆಂಬುದೂ ಸಾಮಾನ್ಯದ ಕಾಲವಲ್ಲ. ಮಿದುಳಿನಲ್ಲಿ ಆಸೆ ಆವೇಶಗಳಿಗೆ ಸಂಬಂಧಿಸಿದ ಭಾಗಗಳು ಮೊದಲು ಚುರುಕಾಗುತ್ತವೆ. ‘ತಡೆ, ಯೋಚಿಸು’ ಎನ್ನುವ ಮುಂಭಾಗವು ಪೂರ್ತಿ ಬಲಿಯುವ ಹೊತ್ತಿಗೆ ವಯಸ್ಸು ಇಪ್ಪತ್ತು ದಾಟಿ ಇಪ್ಪತ್ತೈದರ ಹತ್ತಿರಕ್ಕೆ ಬಂದಿರುತ್ತದೆ. ಬಂಡಿಗೆ ಎತ್ತು ಕಟ್ಟಿಯಾಗಿದೆ, ಮೂಗುದಾರ ಇನ್ನೂ ಹೊಸೆಯುತ್ತಿದ್ದಾರೆ ಎಂದ ಹಾಗೆ.

ಮುಂಗೋಪಿ ಹುಡುಗರ ವಿಷಯದಲ್ಲಿ ಇನ್ನೂ ಒಂದು ಸಂಗತಿಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಕೆನ್ನೆತ್ ಡಾಡ್ಜ್ 1980ರಲ್ಲಿ ಪ್ರಕಟವಾದ ಪ್ರಯೋಗವೊಂದರಿಂದ ತೋರಿಸಿಕೊಟ್ಟರು. ಒಬ್ಬ ಹುಡುಗ ಜೋಡಿಸಿಟ್ಟಿದ್ದ ಚಿತ್ರದ ತುಣುಕುಗಳನ್ನು ಇನ್ನೊಬ್ಬನು ಕೆಡಿಸಿದಂತೆ ಏರ್ಪಾಟು ಮಾಡಲಾಗಿತ್ತು. ಬೇಕೆಂದೇ ಕೆಡಿಸಿದನೆಂದು ಗೊತ್ತಾದಾಗ ಎಲ್ಲ ಹುಡುಗರೂ ಸಿಟ್ಟಾದರು. ಅಕಸ್ಮಾತ್ತಾಗಿ ಕೆಟ್ಟಿತೆಂದು ತಿಳಿದಾಗ ಎಲ್ಲರೂ ತಾಳಿಕೊಂಡರು. ಆದರೆ ಬೇಕೆಂದೋ ಅಕಸ್ಮಾತ್ತೋ ಗೊತ್ತಾಗದಿದ್ದಾಗ ಮಾತ್ರ ವ್ಯತ್ಯಾಸ ಕಂಡಿತು. ಸೌಮ್ಯ ಸ್ವಭಾವದವರು ಅದನ್ನು ಅಕಸ್ಮಾತ್ತೆಂದು ಬಿಟ್ಟರು. ಜಗಳಗಂಟರು ಹಗೆತನವೆಂದೇ ತಿಳಿದು ಸೇಡು ತೀರಿಸಿದರು. ಅಂದರೆ ಮುಂಗೋಪಿಯ ತೊಡಕು ಅವನ ಕೈಯಲ್ಲಿ ಮಾತ್ರವಲ್ಲ, ಇತರರ ಮನಸ್ಸನ್ನು ಓದುವ ಅವನ ಕಣ್ಣಿನಲ್ಲಿಯೂ ಇದೆ.

ಇದನ್ನು ಓದಿದಂದು ನನಗೆ ನೀರಿನ ತೊಟ್ಟಿಯ ಬಳಿಯ ಆ ಮೊಣಕೈ ನೆನಪಾಯಿತು. ಬೆನ್ನಿಗೆ ತಾಗಿದ್ದೆಲ್ಲ ಹಗೆಯಲ್ಲ ಎಂಬುದನ್ನು ಆ ಹುಡುಗ ಎಲ್ಲಿ ಕಲಿಯಬೇಕಾಗಿತ್ತು? ದಿನಕ್ಕೆ ನೂರು ಸಲ ಮೈಗೆ ಮೈ ತಾಗಿ, ತಾಗಿದವನೇ ಕೈ ಕೊಟ್ಟು ಎಬ್ಬಿಸುವ ಕಬಡ್ಡಿಯ ಅಂಗಳದಲ್ಲಲ್ಲವೆ? ಅದೇ ಅಂಗಳದಿಂದ ನಾವು ಅವನನ್ನು ಹೊರಗಿಟ್ಟಿದ್ದೆವು.

ಮೈ ದುಡಿದರೆ ಮನಸ್ಸು ನಿಲ್ಲುವುದು

ಮೈ ದಣಿದರೆ ಮನಸ್ಸು ತಿಳಿಯಾಗುವುದೆಂಬುದು ಹಿರಿಯರ ಅನುಭವ. ಇಂದಿನ ವಿಜ್ಞಾನವೂ ಅದಕ್ಕೆ ಸಾಕ್ಷಿ ನುಡಿಯುತ್ತದೆ. ಗಮನ ನಿಲ್ಲದ ಚಂಚಲ ಮಕ್ಕಳನ್ನು ಕುರಿತು 2013ರಲ್ಲಿ ಅಮೆರಿಕದ ಸಂಶೋಧಕರು ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಎಂಟರಿಂದ ಹತ್ತು ವರ್ಷದ ಇಂಥ 20 ಮಕ್ಕಳನ್ನು ಒಂದು ದಿನ 20 ನಿಮಿಷ ಸುಮ್ಮನೆ ಕುಳ್ಳಿರಿಸಿ ಓದಿಸಿದರು. ಇನ್ನೊಂದು ದಿನ ಅಷ್ಟೇ ಹೊತ್ತು ಚುರುಕಾಗಿ ನಡೆಸಿದರು. ನಡೆದ ದಿನ ಅವರ ಗಮನ ಹೆಚ್ಚು ನಿಂತಿತು. ತಪ್ಪಿದ್ದನ್ನು ತಾವೇ ಗಮನಿಸಿ ತಿದ್ದಿಕೊಳ್ಳುವ ಎಚ್ಚರವೂ ಹೆಚ್ಚಿತು. ಚಂಚಲನಾದ ಹುಡುಗನನ್ನು ಬಯಲಿನಿಂದ ಹಿಡಿದು ತಂದು ಕೂರಿಸುವುದು ಬಾಯಾರಿದವನಿಗೆ ಉಪ್ಪು ತಿನ್ನಿಸಿದಂತೆ ಎಂದು ಇದರಿಂದ ತಿಳಿಯಬಹುದು.

ಹರೆಯದವರು ದಿನಕ್ಕೆ 60 ನಿಮಿಷವಾದರೂ ಮೈ ಬೆವರುವಂತೆ ಓಡಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದರೆ ಆ ಸಂಸ್ಥೆಯವರೇ 2016ರ ಅಂಕಿಗಳನ್ನು ಕೂಡಿಸಿ ನೋಡಿದಾಗ, ಜಗತ್ತಿನ 11ರಿಂದ 17 ವಯಸ್ಸಿನ ಮಕ್ಕಳಲ್ಲಿ ಶೇಕಡ 81ರಷ್ಟು ಮಂದಿಗೆ ಅಷ್ಟು ಚಲನೆ ಇರಲಿಲ್ಲ. ಒಳ್ಳೆಯ ನಡತೆಯ ಮಕ್ಕಳಿಗೇ ಬಯಲು ಇಷ್ಟು ದುರ್ಲಭವಾಗಿರುವಾಗ, ಕೆಟ್ಟ ಹೆಸರು ಪಡೆದವರ ಪಾಡೇನು?

ಜಗಳದಿಂದ ಹುಟ್ಟಿದ ಆಟ

ಹತೋಟಿಗೆ ಸಿಗದ ತರಗತಿಯೊಂದರಿಂದ ಒಂದು ಆಟವೇ ಹುಟ್ಟಿದ ಕಥೆ ಚರಿತ್ರೆಯಲ್ಲಿದೆ. 1891ರ ಚಳಿಗಾಲ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ. ಎಂ. ಸಿ. ಎ. ತರಬೇತಿ ಶಾಲೆಯಲ್ಲಿ 18 ಮಂದಿಯ ತರಗತಿಯೊಂದಿತ್ತು. ಹೊರಗೆ ಹಿಮ, ಒಳಗೆ ಬರಿಯ ಕವಾಯತು. ಬೇಸತ್ತ ಆ ತರುಣರು ಇಬ್ಬರು ಉಪಾಧ್ಯಾಯರನ್ನು ಸೋಲಿಸಿ ಕಳಿಸಿದ್ದರು. ಮೂರನೆಯವರಾಗಿ ಬಂದವರು ಜೇಮ್ಸ್ ನೈಸ್ಮಿತ್. ಅವರು ಎರಡು ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ, ಚೆಂಡನ್ನು ಅದರಲ್ಲಿ ಹಾಕಿರೆಂದರು. ಮೊದಲ ಸಲದ ಆಟ ಕೈಕೈ ಮಿಲಾಯಿಸುವುದರಲ್ಲಿ ಮುಗಿಯಿತೆಂದು ಅವರೇ ಮುಂದೆ ನೆನೆಸಿಕೊಂಡಿದ್ದಾರೆ. ನೈಸ್ಮಿತ್ತರು ಆಟವನ್ನು ನಿಲ್ಲಿಸಲಿಲ್ಲ, ಯಾರನ್ನೂ ಗೋಡೆಯ ಪಕ್ಕ ನಿಲ್ಲಿಸಲೂ ಇಲ್ಲ. ಚೆಂಡು ಹಿಡಿದವನು ಓಡುವಂತಿಲ್ಲ, ಜತೆಯವನಿಗೆ ಎಸೆಯಬೇಕು ಎಂದು ನಿಯಮ ಮಾಡಿದರು. ಓಡದವನನ್ನು ಕೆಡವುವ ಅಗತ್ಯವೇ ಇಲ್ಲವಲ್ಲ! ಹೀಗೆ 13 ನಿಯಮಗಳ ಬ್ಯಾಸ್ಕೆಟ್‌ಬಾಲ್ ಹುಟ್ಟಿತು. 1920ರಲ್ಲಿ ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಅವರು ಸ್ಥಾಪಿಸಿದ ವೈ. ಎಂ. ಸಿ. ಎ. ವ್ಯಾಯಾಮ ಶಿಕ್ಷಣ ಕಾಲೇಜಿನ ಮೂಲಕ ಈ ಪರಂಪರೆಯ ಪಾಠ ದಕ್ಷಿಣದ ಎಷ್ಟೋ ಶಾಲೆಗಳ ಬಯಲಿಗೆ ಬಂದಿತು.

ಇದರಲ್ಲಿ ಗಮನಿಸತಕ್ಕ ಅಂಶವೊಂದುಂಟು. ಆ ತರುಣರನ್ನು ಪಳಗಿಸಿದ್ದು ಚೆಂಡಲ್ಲ. ಚೆಂಡಿನ ಸುತ್ತ ಕಟ್ಟಿದ ಕಟ್ಟಳೆ.

ಬಯಲು ಕೆಡಿಸುವುದೂ ಉಂಟು

‘ಹಾಗಾದರೆ ಆಡಲು ಬಿಟ್ಟುಬಿಟ್ಟರೆ ಆಯಿತು, ತಾವಾಗಿಯೇ ಸರಿಹೋಗುತ್ತಾರೆ’ ಎನ್ನುವವರಿದ್ದಾರೆ. ಅದು ಅರ್ಧ ಸತ್ಯ. ಅರ್ಧ ಸತ್ಯವನ್ನು ನಂಬಿ ಹೊರಟರೆ ಅಪಾಯ ಹೆಚ್ಚು.

ಶಾಲೆಗಳಲ್ಲಿ ಬಲಶಾಲಿ ಮಕ್ಕಳು ದುರ್ಬಲರನ್ನು ಪೀಡಿಸುವುದರ ಬಗೆಗೆ ಬಾಳೆಲ್ಲ ಅಧ್ಯಯನ ಮಾಡಿದವರು ನಾರ್ವೆಯ ಡಾನ್ ಓಲ್ವೇಯಸ್. ಅವರೂ ಇಂಗರ್ ಎಂಡ್ರೆಸನ್ ಎಂಬುವರೂ ಕೂಡಿ, ಎಳೆಹರೆಯದ ಹುಡುಗರು ಮುಷ್ಟಿಕಾಳಗ, ಕುಸ್ತಿ, ಭಾರ ಎತ್ತುವಿಕೆ ಮುಂತಾದ ಬಲದ ಕ್ರೀಡೆಗಳಿಗೆ ಸೇರಿದ ಮೇಲೆ ಏನಾಗುತ್ತಾರೆಂದು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ಇಂಥ ಕ್ರೀಡೆಗೆ ಸೇರಿದವರಲ್ಲಿ ಹೊರಗಿನ ಹೊಡೆದಾಟವೂ ಇತರ ದುರ್ನಡತೆಯೂ ಕಡಮೆಯಾಗುವ ಬದಲು ಹೆಚ್ಚಿದ್ದನ್ನು ಕಂಡರು. ಸಿಟ್ಟೆಲ್ಲ ಅಖಾಡದಲ್ಲಿ ಖರ್ಚಾಗಿ ಮನೆಗೆ ಸಾಧುವಾಗಿ ಬರುತ್ತಾನೆಂಬ ನಮ್ಮ ಎಣಿಕೆ ಅಲ್ಲಿ ನಿಲ್ಲಲಿಲ್ಲ. ಸಿಟ್ಟು ಗಡಿಗೆಯ ನೀರಲ್ಲ, ಬಗ್ಗಿಸಿದರೆ ಬರಿದಾಗುವುದಕ್ಕೆ. ಅಭ್ಯಾಸ ಮಾಡಿದಷ್ಟೂ ಅದು ಬಲಿಯಬಹುದು.

ಇದರ ಪಕ್ಕದಲ್ಲಿ ಇನ್ನೊಂದು ಪ್ರಯೋಗವನ್ನು ಇಟ್ಟು ನೋಡಬೇಕು. ಅಮೆರಿಕದ ಮೈಕೆಲ್ ಟ್ರುಲ್ಸನ್ 1986ರಲ್ಲಿ ಪ್ರಕಟಿಸಿದ್ದು ಅದು. ದಾರಿ ತಪ್ಪುವ ಲಕ್ಷಣಗಳು ಕಂಡಿದ್ದ 34 ಮಂದಿ ಹದಿಹರೆಯದ ಹುಡುಗರನ್ನು ಮೂರು ಗುಂಪುಗಳಾಗಿ ಮಾಡಿದರು. ಒಂದು ಗುಂಪಿಗೆ ಕೊರಿಯ ದೇಶದ ಟೇಕ್ವಾಂಡೋ ವಿದ್ಯೆಯನ್ನು ಸಂಪ್ರದಾಯದ ರೀತಿಯಲ್ಲಿ, ಅಂದರೆ ಧ್ಯಾನ, ಸಂಯಮ, ಗುರುಹಿರಿಯರಲ್ಲಿ ಗೌರವ ಇವುಗಳ ಬೋಧನೆಯೊಡನೆ ಕಲಿಸಿದರು. ಎರಡನೆಯ ಗುಂಪಿಗೆ ಅದೇ ವಿದ್ಯೆಯ ಹೊಡೆತ ಬಡಿತಗಳನ್ನು ಮಾತ್ರ ಕಲಿಸಿದರು. ಮೂರನೆಯ ಗುಂಪಿನವರನ್ನು ಓಟಕ್ಕೂ ಚೆಂಡಾಟಕ್ಕೂ ಹಚ್ಚಿದರು. ಆರು ತಿಂಗಳ ಮೇಲೆ ನೋಡಿದಾಗ ಮೊದಲ ಗುಂಪಿನವರ ಮುಂಗೋಪ ಇಳಿದಿತ್ತು. ಮನಸ್ಸಿನ ತಳಮಳ ತಗ್ಗಿತ್ತು. ಇತರರೊಡನೆ ಬೆರೆಯುವ ಬಗೆ ಸುಧಾರಿಸಿತ್ತು. ಎರಡನೆಯ ಗುಂಪಿನವರು ಮೊದಲಿಗಿಂತಲೂ ಕೆಟ್ಟಿದ್ದರು. ಮೂರನೆಯ ಗುಂಪಿನವರಿಗೆ ತಮ್ಮ ಮೇಲಿನ ಭರವಸೆ ಹೆಚ್ಚಿತ್ತು, ಆದರೆ ಮುಂಗೋಪದಲ್ಲಿ ಹೆಚ್ಚಿನ ಬದಲಾವಣೆ ಇರಲಿಲ್ಲ.

ಗುಂಪುಗಳು ಚಿಕ್ಕವು, ಇದೊಂದರಿಂದಲೇ ಶಾಸ್ತ್ರ ಕಟ್ಟಲಾಗದು. ಆದರೆ ವಿದ್ಯೆ ಒಂದೇ ಆದರೂ ಕಲಿಸುವ ಬಗೆಯಿಂದ ಫಲ ಎರಡಾದೀತೆಂಬ ಎಚ್ಚರಿಕೆಗೆ ಇದು ಸಾಕು.

ಗರಡಿಯ ಮಣ್ಣು

ಈ ಎಚ್ಚರಿಕೆ ನಮ್ಮವರಿಗೆ ಹೊಸತೇನೂ ಅಲ್ಲ. ಮೈಸೂರಿನ ಗರಡಿ ಮನೆಗಳನ್ನು ಕಂಡವರು ಬಲ್ಲರು: ಕೆಂಪು ಮಣ್ಣಿನ ಮಟ್ಟಿಗೆ ಇಳಿಯುವ ಮುನ್ನ ಪೈಲ್ವಾನನು ಆ ಮಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಗೋಡೆಯ ಮೇಲಿನ ಹನುಮಂತನಿಗೆ ಕೈ ಮುಗಿಯುತ್ತಾನೆ. ಉಸ್ತಾದರ ಮಾತು ಮೀರುವಂತಿಲ್ಲ. ದಂಡೆ ಬಸ್ಕಿಗಳಿಂದ ತೋಳು ತೊಡೆಗಳು ಬಲಿಯುವುದರ ಜತೆಗೇ, ಈ ಬಲ ಬೀದಿಯಲ್ಲಿ ಬೀಸುವುದಕ್ಕಲ್ಲವೆಂಬ ಪಾಠವೂ ನಡೆಯುತ್ತಿರುತ್ತದೆ. ಉಸ್ತಾದ್ ಒಳ್ಳೆಯವನಾದರೆ ಗರಡಿಯಿಂದ ಪೈಲ್ವಾನ ಹೊರಬರುತ್ತಾನೆ. ಅಲ್ಲವಾದರೆ ಪುಂಡ ಹೊರಬರುತ್ತಾನೆ. ಮಣ್ಣು ಮಾತ್ರ ಅದೇ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಅನೇಕ ತರುಣರ ಮೈಕಟ್ಟನ್ನು ತಿದ್ದಿದ ಕೆ. ವಿ. ಅಯ್ಯರ್ ಅವರೇ ‘ಶಾಂತಲಾ’, ‘ರೂಪದರ್ಶಿ’ಗಳಂಥ ಕಾದಂಬರಿಗಳನ್ನು ಬರೆದವರೆಂಬುದು ಈ ಪುಟದ ಓದುಗರಿಗೆ ಗೊತ್ತಿದ್ದದ್ದೇ. ಬಲಕ್ಕೂ ಸಂಸ್ಕಾರಕ್ಕೂ ಹಗೆಯಿಲ್ಲ. ಎರಡನ್ನೂ ಕೂಡಿಸಬಲ್ಲ ಗುರು ಬೇಕು, ಅಷ್ಟೇ.

ಬೆಟ್ಟ ಇಳಿದ ಮೇಲೆ

ಹಾಗೆ ಕೂಡಿಸಲು ಯತ್ನಿಸಿದವರಲ್ಲಿ ಕರ್ಟ್ ಹಾನ್ ಪ್ರಸಿದ್ಧರು. ಜರ್ಮನಿಯಲ್ಲಿ ಶಾಲೆ ನಡೆಸುತ್ತಿದ್ದ ಅವರು ನಾಜಿಗಳನ್ನು ಎದುರಿಸಿ 1933ರಲ್ಲಿ ಸೆರೆ ಕಂಡು, ಬಿಡುಗಡೆಯಾದ ಮೇಲೆ ಬ್ರಿಟನ್ನಿಗೆ ಬಂದರು. 1941ರಲ್ಲಿ ವೇಲ್ಸ್ ಸೀಮೆಯ ಅಬರ್‌ಡವಿ ಎಂಬ ಕಡಲ ತೀರದಲ್ಲಿ ‘ಔಟ್‌ವರ್ಡ್ ಬೌಂಡ್’ ಎಂಬ ತರಬೇತಿಯನ್ನು ಆರಂಭಿಸಿದರು. ದೋಣಿ ನಡೆಸುವುದು, ಬೆಟ್ಟ ಹತ್ತುವುದು, ಒಬ್ಬರ ಪ್ರಾಣ ಒಬ್ಬರ ಕೈಯಲ್ಲಿರುವಂಥ ಸಾಹಸಗಳಲ್ಲಿ ಪರಸ್ಪರ ನಂಬಿಕೆ ಕಲಿಯುವುದು ಇದರ ಮುಖ್ಯ ಲಕ್ಷಣ.

1960ರ ದಶಕದಲ್ಲಿ ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದ 120 ಹುಡುಗರಲ್ಲಿ 60 ಮಂದಿಯನ್ನು ಈ ತರಬೇತಿಗೆ ಕಳುಹಿಸಿ, ಮಿಕ್ಕ 60 ಮಂದಿಯನ್ನು ವಾಡಿಕೆಯ ರೀತಿಯಲ್ಲಿ ನಡೆಸಿಕೊಂಡರು. ಒಂದು ವರ್ಷ ಕಳೆದ ಮೇಲೆ, ವಾಡಿಕೆಯ ಗುಂಪಿನಲ್ಲಿ ಶೇಕಡ 42 ಮಂದಿ ಮತ್ತೆ ತಪ್ಪು ಮಾಡಿದ್ದರು. ಬೆಟ್ಟ ಹತ್ತಿ ಬಂದವರಲ್ಲಿ ಶೇಕಡ 20 ಮಂದಿ ಮಾತ್ರ. ಆದರೆ ಐದು ವರ್ಷದ ಮೇಲೆ ನೋಡಿದಾಗ ಈ ಅಂತರ ಭರವಸೆಯಿಂದ ಹೇಳಲಾಗದಷ್ಟು ಕುಗ್ಗಿತ್ತು. ಆಶ್ಚರ್ಯವೇನು? ಬೆಟ್ಟದಿಂದ ಇಳಿದ ಹುಡುಗ ತಲುಪಿದ್ದು ಅದೇ ಬೀದಿಗೆ, ಅದೇ ಸಹವಾಸಕ್ಕೆ. ಕೆಲವು ವಾರಗಳ ಸಾಹಸ ಕಣ್ಣು ತೆರೆಸಬಹುದು. ದಿನದಿನದ ಬಯಲು ಮಾತ್ರ ಕಾಲಿಗೆ ದಾರಿ ಕಲಿಸುತ್ತದೆ.

ಇಲ್ಲಿ ಇನ್ನೊಂದು ಅಪಾಯವನ್ನೂ ಹೇಳಬೇಕು. ತುಂಟರನ್ನೆಲ್ಲ ಒಟ್ಟುಗೂಡಿಸಿ ಅವರದೇ ಒಂದು ಶಿಬಿರ ನಡೆಸುವ ಉತ್ಸಾಹ ಅನೇಕರಿಗೆ ಬರುತ್ತದೆ. 1939ರಲ್ಲಿ ಇದೇ ಮೆಸಾಚುಸೆಟ್ಸಿನಲ್ಲಿ ಆರಂಭವಾದ ಬಾಲಕರ ಯೋಜನೆಯೊಂದನ್ನು ಜೋನ್ ಮೆಕಾರ್ಡ್ ಎಂಬ ವಿದುಷಿ ದಶಕಗಳ ಬಳಿಕ ಬೆನ್ನು ಹಿಡಿದು ಪರಿಶೀಲಿಸಿದರು. ನೆರವು ಪಡೆದವರಲ್ಲಿ, ಬೇಸಗೆಯ ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋಗಿ ಬಂದ ಹುಡುಗರ ಗತಿಯೇ ಎಲ್ಲಕ್ಕಿಂತ ಕೆಟ್ಟದ್ದಾಗಿತ್ತು! ಹರೆಯದವರು ಒಬ್ಬರ ನಗೆಯಿಂದ ಒಬ್ಬರು ಕಲಿಯುತ್ತಾರೆ. ಪುಂಡಾಟಕ್ಕೆ ನಗುವವರೇ ಸುತ್ತ ಇದ್ದರೆ ಪುಂಡಾಟವೇ ವಿದ್ಯೆಯಾಗುತ್ತದೆ. ಆದ್ದರಿಂದ ಇಂಥ ಹುಡುಗನ ಸ್ಥಾನ ಬೇರೆ ಶಿಬಿರದಲ್ಲಲ್ಲ. ಎಲ್ಲರೂ ಆಡುವ ಬಯಲಿನಲ್ಲಿ, ಎಲ್ಲರ ನಡುವೆ.

ನಮ್ಮ ಬಯಲಿನ ಎರಡು ಆಟಗಳು

ಇದಕ್ಕೆ ದುಬಾರಿ ಸಲಕರಣೆಗಳೇನೂ ಬೇಕಾಗಿಲ್ಲ. ಖೋ ಖೋ ಆಟವನ್ನೇ ನೋಡಿರಿ. ಬೆನ್ನಟ್ಟುವ ತಂಡದ ಎಂಟು ಮಂದಿ ನಡುಗೆರೆಯ ಮೇಲೆ, ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಕುಕ್ಕುರುಗಾಲಿನಲ್ಲಿ ಕುಳಿತಿರುತ್ತಾರೆ. ಒಂಬತ್ತನೆಯವನು ಅಟ್ಟಿಸಿಕೊಂಡು ಹೋಗುತ್ತಾನೆ. ಎದುರಾಳಿ ಕಣ್ಣ ಮುಂದೆಯೇ ಸುಳಿಯುತ್ತಾನೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆದರೂ ಬೆನ್ನಿಗೆ ಜತೆಯವನ ಕೈ ತಾಗಿ ‘ಖೋ’ ಎಂಬ ಮಾತು ಕೇಳುವವರೆಗೆ ಏಳುವಂತಿಲ್ಲ. ಮುಂಗೋಪಿಗೆ ಇದಕ್ಕಿಂತ ಕಠಿಣವಾದ, ಇದಕ್ಕಿಂತ ಸೊಗಸಾದ ತಪಸ್ಸು ಬೇರೊಂದಿಲ್ಲ. ಎದ್ದವನೂ ಅಷ್ಟೇ, ತನಗೆ ಸಿಗದ ಬೇಟೆಯನ್ನು ಇನ್ನೊಬ್ಬನಿಗೆ ಒಪ್ಪಿಸಿ ತಾನು ಕುಳಿತುಕೊಳ್ಳಬೇಕು. ಬೆನ್ನಿಗೆ ತಾಗುವ ಕೈ ಹಗೆಯದಲ್ಲ, ಗೆಳೆಯನದು ಎಂಬುದನ್ನು ಈ ಆಟ ಅವನ ಮೈಗೇ ಕಲಿಸುತ್ತದೆ.

ಕಬಡ್ಡಿಯಲ್ಲಿ ಇನ್ನೊಂದು ಚೆಲುವಾದ ನಿಯಮವುಂಟು. ಅಂಗಳದಿಂದ ಹೊರಬಿದ್ದ ಆಟಗಾರ ಹೊರಗೇ ಉಳಿಯುವುದಿಲ್ಲ. ಅವನ ತಂಡದವರು ಎದುರಾಳಿಯೊಬ್ಬನನ್ನು ಹೊರಹಾಕಿದೊಡನೆ ಇವನು ಮತ್ತೆ ಒಳಗೆ ಬರುತ್ತಾನೆ. ಸತ್ತವನು ಎದ್ದು ಬಂದನೆಂದು ಹುಡುಗರು ಕೂಗುತ್ತಾರೆ. ತಪ್ಪಿದವನನ್ನು ಒಳಗೆ ಕರೆದುಕೊಳ್ಳುವುದು ಜತೆಯವರ ಕೈಯಲ್ಲಿದೆ! ಆಟಕ್ಕಿರುವ ಈ ಔದಾರ್ಯ ಶಾಲೆಗೂ ಇದ್ದಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಆದರೆ ಆಟ ತಾನಾಗಿ ಪಾಠ ಹೇಳುವುದಿಲ್ಲ, ಹೇಳಿಸಬೇಕು. ಶಿಕಾಗೋ ನಗರದ ಬಡ ಬೀದಿಗಳ ಮಕ್ಕಳೊಡನೆ ದಶಕಗಳ ಕಾಲ ಬಯಲಿನಲ್ಲಿ ನಿಂತು ದುಡಿದ ಡಾನ್ ಹೆಲಿಸನ್ ಎಂಬ ಅಧ್ಯಾಪಕರು ಇದಕ್ಕೆ ಐದು ಮೆಟ್ಟಿಲುಗಳನ್ನು ಹೇಳಿದರು. ಇತರರಿಗೆ ಮನ್ನಣೆ ಕೊಟ್ಟು ತನ್ನನ್ನು ತಡೆದುಕೊಳ್ಳುವುದು ಮೊದಲನೆಯದು. ಮನಸ್ಸಿಟ್ಟು ಯತ್ನಿಸುವುದು ಎರಡನೆಯದು. ಹೇಳಿಸಿಕೊಳ್ಳದೆ ತಾನೇ ತನ್ನನ್ನು ನಡೆಸಿಕೊಳ್ಳುವುದು ಮೂರನೆಯದು. ಇತರರಿಗೆ ನೆರವಾಗಿ ಮುಂದಾಳಾಗುವುದು ನಾಲ್ಕನೆಯದು. ಇವನ್ನೆಲ್ಲ ಬಯಲಿನಿಂದ ಮನೆಗೂ ಬೀದಿಗೂ ಕೊಂಡೊಯ್ಯುವುದು ಐದನೆಯದು. ಆಟ ಮುಗಿದ ಮೇಲೆ ಮಕ್ಕಳು ವೃತ್ತವಾಗಿ ಕುಳಿತು, ‘ಇಂದು ನಾನು ಯಾವ ಮೆಟ್ಟಿಲಿನಲ್ಲಿದ್ದೆ?’ ಎಂದು ತಮ್ಮನ್ನು ತಾವೇ ಕೇಳಿಕೊಳ್ಳುತ್ತಿದ್ದರು. ಐದು ನಿಮಿಷದ ಕೆಲಸ. ಬೆವರು ಆರುವ ಮುನ್ನ ಆಡಿದ ಮಾತು ಮನಸ್ಸಿನೊಳಕ್ಕೆ ಇಳಿಯುತ್ತದೆ; ಮರುದಿನ ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿದ ಬುದ್ಧಿ ಕಿವಿಯ ಹೊರಗೇ ನಿಲ್ಲುತ್ತದೆ.

ಕಾನೂನೂ ಇಂದು ಮಕ್ಕಳ ಪರವಾಗಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕಕೂಡದೆನ್ನುತ್ತದೆ; ಮೈಗೆ ಹೊಡೆತವನ್ನೂ ಮನಸ್ಸಿಗೆ ಹಿಂಸೆಯನ್ನೂ ನಿಷೇಧಿಸುತ್ತದೆ; ಪ್ರತಿ ಶಾಲೆಗೆ ಆಟದ ಬಯಲು ಇರಬೇಕೆನ್ನುತ್ತದೆ. ಆದರೆ ಬಯಲು ಇದ್ದೂ ಅದರ ಅಂಚಿನಲ್ಲಿ ಹುಡುಗನನ್ನು ನಿಲ್ಲಿಸಿದರೆ ಆ ಬಯಲು ಇದ್ದು ಫಲವೇನು?

ತಪ್ಪಿಗೆ ಶಿಕ್ಷೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಹುಬ್ಬು ಒಡೆಸಿಕೊಂಡ ಹುಡುಗನಿಗೂ ನ್ಯಾಯ ಸಿಗಬೇಕು. ಹೊಡೆದವನು ಕ್ಷಮೆ ಕೇಳಲಿ, ಗಾಯಕ್ಕೆ ಔಷಧ ಹಚ್ಚಿಸಲು ಜತೆಗೆ ನಡೆಯಲಿ, ಅವನ ಪಾಲಿನ ಕೆಲಸವನ್ನು ವಾರವೆಲ್ಲ ತಾನು ಮಾಡಲಿ. ಆಟದಲ್ಲಿ ತಪ್ಪಿದರೆ ಆ ಆಟದ ಮಟ್ಟಿಗೆ ಹೊರಗೆ ಕುಳಿತು ಮತ್ತೆ ಬರಲಿ. ಆದರೆ ಅವನಿಗೆ ಮನುಷ್ಯರ ನಡುವೆ ಮನುಷ್ಯನಾಗಿರುವುದನ್ನು ಕಲಿಸಬಲ್ಲ ಒಂದೇ ಜಾಗದಿಂದ ತಿಂಗಳುಗಟ್ಟಲೆ ದೂರವಿಡುವುದು ಶಿಕ್ಷೆಯಲ್ಲ. ಈಜು ಬಾರದವನನ್ನು ಕೆರೆಯಿಂದ ಎತ್ತಿ, ಈಜು ಕಲಿಯುವವರೆಗೆ ನೀರಿಗಿಳಿಯಬೇಡ ಎಂದಂತೆ.

ಸುಣ್ಣದ ಗೆರೆ

ಮುಂದೆ ಬೇರೊಂದು ಊರಿಗೆ ವರ್ಗವಾಗಿ ಹೋದಾಗ ಅಂಥದೇ ಇನ್ನೊಬ್ಬ ಹುಡುಗ ನನ್ನ ಪಾಲಿಗೆ ಬಂದ. ವರ್ಷದ ಆರಂಭದಲ್ಲಿಯೇ ಎರಡು ಹೊಡೆದಾಟ. ಮತ್ತೆ ಅದೇ ಗೋಡೆ, ಅದೇ ಅಪ್ಪಣೆ ಎಂಬಲ್ಲಿಗೆ ಮಾತು ಬಂದಿತು. ಈ ಸಲ ನಾನು ಹೆಡ್ಮಾಸ್ತರರಲ್ಲಿ ಬೇಡಿಕೊಂಡು, ಅವನನ್ನು ನನಗೆ ಒಪ್ಪಿಸಿರೆಂದೆ. ಮರುದಿನ ಆಟಕ್ಕೆ ಅರ್ಧ ಗಂಟೆ ಮೊದಲು ಅವನ ಕೈಗೆ ಸುಣ್ಣದ ಡಬ್ಬವನ್ನೂ ಅಳತೆಯ ಹಗ್ಗವನ್ನೂ ಕೊಟ್ಟೆ.

“ಖೋ ಖೋ ಅಂಗಳಕ್ಕೆ ಗೆರೆ ಎಳಿ.”

“ನಾನಾ ಸಾರ್?”

“ನೀನೇ.”

ಮೊದಲ ಗೆರೆ ಹಾವು ಹರಿದಂತೆ ಡೊಂಕಾಯಿತು. ನೋಡುತ್ತಿದ್ದವರು ನಕ್ಕರು. ಅವನ ಮುಷ್ಟಿ ಬಿಗಿಯಾದುದನ್ನು ಕಂಡೆ. ನಾನು ಮಾತಾಡಲಿಲ್ಲ, ಹಗ್ಗದ ಇನ್ನೊಂದು ತುದಿಯನ್ನು, ನಕ್ಕವರಲ್ಲಿ ಒಬ್ಬನ ಕೈಗೆ ಕೊಟ್ಟೆ. ಅವನು ಆ ಕಡೆ ಹಿಡಿದ, ಇವನು ಈ ಕಡೆ. ಕಾಲಿನಿಂದ ಹಳೆಯ ಗೆರೆಯನ್ನು ಅಳಿಸಿ, ಹಗ್ಗದ ಉದ್ದಕ್ಕೂ ಹೊಸ ಗೆರೆ ಎಳೆದ.

ಆ ಹುಡುಗ ಸಾಧುವಾದನೆಂದು ಹೇಳಿದರೆ ಸುಳ್ಳಾದೀತು. ಆ ವರ್ಷವೂ ಎರಡು ಸಲ ಕೈ ಎತ್ತಿದ. ಆಗಲೂ ಗೆರೆ ಎಳೆಯುವ ಕೆಲಸವನ್ನು ಅವನಿಂದ ಕಿತ್ತುಕೊಳ್ಳಲಿಲ್ಲ. ಎಸ್. ಎಸ್. ಎಲ್. ಸಿ. ಮುಗಿಯುವವರೆಗೂ ಅವನು ಶಾಲೆಗೆ ಬಂದ. ದಿನವೂ ಎಲ್ಲರಿಗಿಂತ ಅರ್ಧ ಗಂಟೆ ಮೊದಲೇ ಬಯಲಿನಲ್ಲಿರುತ್ತಿದ್ದ.

ಆ ಗೆರೆಗಳನ್ನು ನೋಡುವಾಗಲೆಲ್ಲ ಗಾಡಿ ಹೊಡೆಯುವ ಆ ತಂದೆಯ ಮಾತು ನನ್ನ ಕಿವಿಯಲ್ಲಿ ಕೇಳುತ್ತಿತ್ತು. ಅವರ ಮಗನ ಕೈಗೂ ಒಂದು ಸುಣ್ಣದ ಡಬ್ಬ ಕೊಡಬಹುದಾಗಿತ್ತು. ಕೊಡಲಿಲ್ಲ. ಈಗ ಎಲ್ಲಿಯಾದರೂ ಶಾಲೆಯ ಗೋಡೆಯ ನೆರಳಿನಲ್ಲಿ ಒಬ್ಬನೇ ನಿಂತ ಹುಡುಗನನ್ನು ಕಂಡರೆ, ಓದುಗರು ಒಂದು ಗಳಿಗೆ ನಿಂತು, ಅವನನ್ನು ಅಲ್ಲಿ ನಿಲ್ಲಿಸಿದವರೊಡನೆ ಎರಡು ಮಾತನಾಡಬೇಕೆಂದು ಬೇಡುತ್ತೇನೆ.